ಆಫೀಸಿಗೆ ಹತ್ತಿರ, ನೀರಿಗೆ ದೂರ

ಬೆಂಗಳೂರಿನಲ್ಲಿ ಯಾವುದಾದರೂ ಏರಿಯಾ ಹೇಗಿದೆ ಅಂತ ತಿಳಿಯಬೇಕಾದರೆ ಅಲ್ಲಿ ಸ್ವಂತ ಮನೆ ಇರುವವರನ್ನು ಕೇಳಬಾರದು. ಬಾಡಿಗೆಗೆ ಇರುವವರನ್ನು ಕೇಳಬೇಕು. ಸ್ವಂತದವರು ಇಪ್ಪತ್ತು ವರ್ಷದ ಸಾಲ ಹೊತ್ತಿರುತ್ತಾರೆ. ಅಷ್ಟು ಸಾಲ ತಲೆ ಮೇಲೆ ಇಟ್ಟುಕೊಂಡು ‘ನಮ್ಮ ಏರಿಯಾ ಸರಿ ಇಲ್ಲ’ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಬಾಡಿಗೆಯವರಿಗೆ ಆ ಹಂಗಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದರೆ ಗಂಟುಮೂಟೆ ಕಟ್ಟುವವರು. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾರೆ. ಅವರಿಗಿಂತ ವಾಚ್‌ಮನ್‌ಗಳು ವಾಸಿ. ಎಲ್ಲರಿಗಿಂತ ವಾಸಿ ನೀರಿನ ಟ್ಯಾಂಕರ್ ಓಡಿಸುವವರು. ಈ ಕೊನೆಯ ಮಾತು ನನ್ನದಲ್ಲ, ನಮ್ಮಪ್ಪನದು. ಅವರ ವಿಷಯ ಆಮೇಲೆ ಬರುತ್ತದೆ.

ನಮ್ಮ ಕಷ್ಟ ಶುರುವಾದದ್ದು ಮದುವೆಯಲ್ಲೇ. ಜಾತಕ ನೋಡಿದರು, ಗೋತ್ರ ನೋಡಿದರು, ಸಂಬಳ ನೋಡಿದರು. ಇಬ್ಬರ ಆಫೀಸು ಎಲ್ಲೆಲ್ಲಿದೆ ಅಂತ ಮಾತ್ರ ಯಾರೂ ನೋಡಲಿಲ್ಲ. ನನ್ನದು ವೈಟ್‌ಫೀಲ್ಡ್. ಅವರದು ಎಲೆಕ್ಟ್ರಾನಿಕ್ ಸಿಟಿ. ಬೆಂಗಳೂರಿನ ಹುಡುಗ ಹುಡುಗಿಗೆ ಕೂಟ ನೋಡುವ ಜೋಯಿಸರು ಇನ್ನು ಮುಂದೆ ಮೂವತ್ತಾರು ಗುಣದ ಜೊತೆಗೆ ಪಿನ್‌ಕೋಡನ್ನೂ ಸೇರಿಸಿಕೊಂಡರೆ ಎಷ್ಟೋ ಸಂಸಾರಗಳಿಗೆ ಉಪಕಾರವಾಗುತ್ತದೆ.

ನಾವಿದ್ದದ್ದು ವಿಜಯನಗರದ ಬಾಡಿಗೆ ಮನೆಯಲ್ಲಿ. ಊರಿನ ಪಶ್ಚಿಮಕ್ಕೆ. ನನ್ನ ಆಫೀಸು ಪೂರ್ವಕ್ಕೆ. ಮೊದಲೆಲ್ಲ ಮೆಜೆಸ್ಟಿಕ್‌ಗೆ ಹೋಗಿ 335ಇ ಹಿಡಿಯುತ್ತಿದ್ದೆ. ಆ ಬಸ್ಸಿನಲ್ಲಿ ಕೂರೋಕೆ ಸೀಟು ಸಿಕ್ಕರೆ ಅಮ್ಮನಿಗೆ ಫೋನ್ ಮಾಡಿ ಹೇಳುವಷ್ಟು ಖುಷಿಯಾಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಉಳಿದಿದ್ದ ತುಂಡು ಸೇರಿಕೊಂಡು ನೇರಳೆ ಮಾರ್ಗ ಒಂದಾಯಿತು. ಆಮೇಲೆ ಒಂದೇ ರೈಲು. ಆದರೂ ಒಂದು ಗಂಟೆ ಮೇಲಾಗುತ್ತಿತ್ತು. ವಿಜಯನಗರದಲ್ಲಿ ಸೀಟು ಸಿಗಲ್ಲ, ಮೆಜೆಸ್ಟಿಕ್ ದಾಟಿದ ಮೇಲೆ ಉಸಿರು ಸಿಗಲ್ಲ. ನಮ್ಮನೆಯವರದು ಬೆಳಗ್ಗೆ ಆರೂವರೆಗೇ ಕಂಪನಿ ಬಸ್ಸು. ಅವರು ಮನೆಯ ಹಾಸಿಗೆಯಲ್ಲಿ ಮಲಗಿದ್ದಕ್ಕಿಂತ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮಲಗಿದ್ದೇ ಜಾಸ್ತಿ.

ಅಂತೂ ಒಂದು ದಿನ ‘ಆಫೀಸಿಗೆ ಹತ್ತಿರ ಸ್ವಂತ ಮನೆ ತಗೊಳ್ಳೋಣ’ ಅಂತ ತೀರ್ಮಾನವಾಯಿತು. ಯಾರ ಆಫೀಸಿಗೆ ಅನ್ನುವ ಪ್ರಶ್ನೆ ಅದರ ಹಿಂದೆಯೇ ಬಂತು. ಅದು ಜಗಳಕ್ಕೆ ತಿರುಗುವ ಮೊದಲೇ ನಮ್ಮನೆಯವರು ಎಕ್ಸೆಲ್ ಶೀಟ್ ತೆರೆದರು. ಅವರು ಹಾಗೇ. ತರಕಾರಿ ತರೋದಕ್ಕೂ ಎಕ್ಸೆಲ್, ನಾಮಕರಣಕ್ಕೂ ಎಕ್ಸೆಲ್. ನನ್ನ ಆಫೀಸಿಗೆ ದೂರ, ಅವರ ಆಫೀಸಿಗೆ ದೂರ, ಚದರಡಿ ಬೆಲೆ, ಶಾಲೆ, ಆಸ್ಪತ್ರೆ ಅಂತ ಸಾಲು ಸಾಲು ಕಾಲಂ ಮಾಡಿದರು. ಅತ್ತೆ ಹಿಂದೆ ನಿಂತು ನೋಡಿ, ‘ದೇವಸ್ಥಾನದ್ದು ಒಂದು ಕಾಲಂ ಇಲ್ವೇನೋ?’ ಅಂದರು. ಅದೂ ಸೇರಿತು. ಕೊನೆಗೆ ಮ್ಯಾಪ್ ತೆಗೆದು ಎರಡು ಆಫೀಸುಗಳ ನಡುವೆ ಗೆರೆ ಎಳೆದು ನಟ್ಟನಡುವೆ ಒಂದು ಚುಕ್ಕಿ ಇಟ್ಟರು. ಚುಕ್ಕಿ ಬಿದ್ದದ್ದು ಸರ್ಜಾಪುರ ರಸ್ತೆಯ ಹತ್ತಿರ, ಕಾರ್ಮೆಲರಾಂ ರೈಲ್ವೆ ಸ್ಟೇಷನ್ನಿನ ಆಸುಪಾಸು. ‘ಇಬ್ಬರಿಗೂ ಸಮ. ಯಾರೂ ಯಾರಿಗೂ ತ್ಯಾಗ ಮಾಡಿದ ಹಾಗಾಗಲ್ಲ’ ಅಂದರು. ಇಬ್ಬರಿಗೂ ಸಮನಾಗಿ ತೊಂದರೆ ಆಗುವ ಜಾಗ ಅದು ಅಂತ ಆಗಿನ್ನೂ ಗೊತ್ತಿರಲಿಲ್ಲ.

ಬ್ರೋಕರ್ ಒಬ್ಬರು ಸಿಕ್ಕರು. ಒಳ್ಳೆಯ ಮನುಷ್ಯ, ಮಾತಿಗೆ ಬರವಿಲ್ಲ. ಅವರ ಬಾಯಲ್ಲಿ ಕಿಲೋಮೀಟರ್ ಅನ್ನುವ ಪದವೇ ಬರುತ್ತಿರಲಿಲ್ಲ. ಎಲ್ಲ ನಿಮಿಷದ ಲೆಕ್ಕ. ‘ಔಟರ್ ರಿಂಗ್ ರೋಡ್ ಇಲ್ಲಿಂದ ಹತ್ತು ನಿಮಿಷ ಮೇಡಂ. ವೈಟ್‌ಫೀಲ್ಡ್ ಇಪ್ಪತ್ತು. ಎಲೆಕ್ಟ್ರಾನಿಕ್ ಸಿಟಿ ಇಪ್ಪತ್ತೈದು.’ ಮನೆ ತೋರಿಸೋಕೆ ಭಾನುವಾರ ಬೆಳಗ್ಗೆ ಎಂಟಕ್ಕೇ ಬನ್ನಿ ಅನ್ನುತ್ತಿದ್ದರು. ‘ಬಿಸಿಲು ಏರೋ ಮುಂಚೆ ನೋಡಿಬಿಡೋಣ’ ಅಂತ. ಎಷ್ಟು ಕಾಳಜಿ ಅಂತ ನಾನು ಅಂದುಕೊಂಡಿದ್ದೆ. ಭಾನುವಾರ ಬೆಳಗ್ಗೆ ಎಂಟಕ್ಕೆ ಹತ್ತು ನಿಮಿಷ ಅನ್ನೋದು ನಿಜಕ್ಕೂ ಹತ್ತೇ ನಿಮಿಷ. ಹಾಲಿನ ವ್ಯಾನು, ಬೀದಿ ನಾಯಿ, ಸೈಕಲ್ ಕ್ಲಬ್ಬಿನವರು ಬಿಟ್ಟರೆ ರಸ್ತೆಯಲ್ಲಿ ಯಾರೂ ಇರಲ್ಲ.

ಅದೇ ದಾರಿಯಲ್ಲಿ ಒಂದು ಮಂಗಳವಾರ ಸಂಜೆ ಆರಕ್ಕೆ ಹೋಗಿ ನೋಡೋಣ ಅಂತ ನಾನೇ ಹಟ ಹಿಡಿದೆ. ಆಫೀಸಿನಿಂದ ಕ್ಯಾಬ್ ಮಾಡಿಕೊಂಡು ಹೊರಟೆ. ವರ್ತೂರು ದಾರಿ ಕೆಂಪಾಗಿದೆ ಅಂತ ಮ್ಯಾಪ್ ಪಣತ್ತೂರಿನ ರೈಲ್ವೆ ಅಂಡರ್‌ಪಾಸ್ ಕಡೆ ತಿರುಗಿಸಿತು. ಆ ಕಡೆಯಿಂದ ಒಂದು ಶಾಲಾ ಬಸ್ಸು, ಈ ಕಡೆಯಿಂದ ಒಂದು ಜಲ್ಲಿ ಲಾರಿ, ನಡುವೆ ನಾನು. ಎರಡು ಗಾಡಿಯವರೂ ಇಳಿದು ಮಾತಾಡಿಕೊಳ್ಳುತ್ತಿದ್ದರು. ಜಗಳ ಅಲ್ಲ, ಸಮಾಧಾನವಾಗಿಯೇ. ಇದು ದಿನಾ ಇರುವ ಕಾರ್ಯಕ್ರಮ ಅಂತ ಆಗ ಅರ್ಥವಾಯಿತು. ಪಕ್ಕದ ಸ್ಕೂಟರ್‌ನಲ್ಲಿದ್ದ ಹುಡುಗನೊಬ್ಬ ಹೆಲ್ಮೆಟ್ಟಿನೊಳಗಿಂದಲೇ ಮೀಟಿಂಗ್ ಮುಗಿಸಿದ. ನಾನು ಒಂದು ಟೆಸ್ಟ್ ರಿಪೋರ್ಟ್ ಬರೆದು ಕಳಿಸಿದೆ. ಮ್ಯಾಪ್ ಮಾತ್ರ ಉದ್ದಕ್ಕೂ ‘ಇನ್ನು ಎಂಟು ನಿಮಿಷ’ ಅಂತಲೇ ತೋರಿಸುತ್ತಿತ್ತು.

ಮಾದರಿ ಮನೆ ಅಂತ ಒಂದು ಇರುತ್ತದೆ, ನೋಡಿದ್ದೀರಲ್ಲ? ಅಪಾರ್ಟ್‌ಮೆಂಟ್ ಇನ್ನೂ ಪಾಯದಲ್ಲೇ ಇರುತ್ತದೆ, ಆದರೆ ಮಾದರಿ ಮನೆಯಲ್ಲಿ ಆಗಲೇ ಹೂದಾನಿ, ಗೋಡೆಗೆ ಬುದ್ಧ, ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ನಿಂಬೆಹಣ್ಣು. ಬೆಡ್‌ರೂಮ್ ನೋಡಿದರೆ ಅರಮನೆ. ನಮ್ಮನೆಯವರು ದಣಿವಾಗಿ ಮಂಚದ ಮೇಲೆ ಹಾಗೇ ಸುಮ್ನೆ ಒರಗಿದರು. ಮೊಣಕಾಲಿನಿಂದ ಕೆಳಗೆ ಪೂರ್ತಿ ಹೊರಗೆ! ಮಂಚವನ್ನೇ ಚಿಕ್ಕದು ಮಾಡಿಸಿದ್ದರು. ಬಾಗಿಲುಗಳೇ ಇರಲಿಲ್ಲ, ಬರೀ ಚೌಕಟ್ಟು. ಬಾಗಿಲು ತೆರೆಯೋಕೆ ಜಾಗ ಬೇಕಲ್ವಾ. ಸೇಲ್ಸ್ ಹುಡುಗ ‘1,250 ಚದರಡಿ ಸರ್’ ಅಂದ. ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ನಿಜವಾಗಿ ಬಳಸೋಕೆ ಸಿಗುವ ಜಾಗ, ಎಷ್ಟು ಅಂತ ಕೇಳಿದೆ. ಅವನು ನೀರು ಕುಡಿದ. ಕಾರ್ಪೆಟ್ ಏರಿಯಾ ಲೆಕ್ಕ ಹೇಳಲೇಬೇಕು ಅಂತ 2016ರ ರೇರಾ ಕಾಯ್ದೆ ಇದೆ. ಇದ್ದರೂ ಬಾಯಿಗೆ ಮೊದಲು ಬರುವುದು ಸೂಪರ್ ಬಿಲ್ಟ್‌ಅಪ್ಪೇ. ಅದರಲ್ಲಿ ಲಿಫ್ಟು, ಮೆಟ್ಟಿಲು, ಮೊಗಸಾಲೆ, ಜಿಮ್ಮು ಎಲ್ಲದರಲ್ಲೂ ನಮ್ಮ ಪಾಲು ಸೇರಿರುತ್ತದೆ. ಲಿಫ್ಟಿನಲ್ಲಿ ನನ್ನ ಪಾಲು ಲೆಕ್ಕ ಹಾಕಿದರೆ ಒಂದು ಕಾಲು ಇಡುವಷ್ಟು ಬರಬಹುದು.

ಇಷ್ಟಾದ ಮೇಲೆ ತಿಪಟೂರಿನಿಂದ ಅಪ್ಪನನ್ನು ಕರೆಸಿದೆವು.

ಅಪ್ಪ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಜೀವನವಿಡೀ ಪಹಣಿ, ಮ್ಯುಟೇಷನ್, ಹದ್ದುಬಸ್ತು. ಅವರಿಗೆ ಕಟ್ಟಡ ಕಾಣುವುದೇ ಇಲ್ಲ, ಅದರ ಕೆಳಗಿನ ಸರ್ವೆ ನಂಬರ್ ಮಾತ್ರ ಕಾಣುತ್ತದೆ. ಮೊಬೈಲಿನಲ್ಲಿ ಅವರಿಗೆ ಗೊತ್ತಿರುವ ಆ್ಯಪ್ ಎರಡೇ: ಒಂದು ವಾಟ್ಸಾಪ್, ಇನ್ನೊಂದು ಸರ್ಕಾರದ ದಿಶಾಂಕ್. ದಿಶಾಂಕ್‌ನಲ್ಲಿ ನಾವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ಹಳೇ ಗ್ರಾಮ ನಕ್ಷೆಯಲ್ಲಿ ಅಲ್ಲಿ ಏನಿತ್ತು ಅನ್ನುವುದೂ ಬರುತ್ತದೆ. ಕೆರೆ, ಕಾಲುವೆ, ಗೋಮಾಳ, ಗುಂಡುತೋಪು, ಎಲ್ಲ.

ಸರ್ಜಾಪುರ ರಸ್ತೆಯ ಒಂದು ದೊಡ್ಡ ಪ್ರಾಜೆಕ್ಟಿಗೆ ಕರೆದುಕೊಂಡು ಹೋದೆವು. ಸೇಲ್ಸ್ ಹುಡುಗಿ ಈಜುಕೊಳ ತೋರಿಸಿದಳು, ಯೋಗ ಡೆಕ್ ತೋರಿಸಿದಳು, ‘ಸರ್, ಸೀನಿಯರ್ ಸಿಟಿಜನ್ಸ್‌ಗೆ ರಿಫ್ಲೆಕ್ಸಾಲಜಿ ಪಾತ್ ಇದೆ’ ಅಂತ ಕಲ್ಲು ಹಾಸಿದ ದಾರಿ ತೋರಿಸಿದಳು. ಅಪ್ಪ ಯಾವುದನ್ನೂ ನೋಡಲಿಲ್ಲ. ಫೋನು ಕೈಯಲ್ಲಿ ಹಿಡಿದು ಲಾನಿನ ಮೇಲೆ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ನಡೆದರು. ಕ್ಲಬ್‌ಹೌಸ್ ಮುಂದೆ ನಿಂತು, ‘ಇಲ್ಲಿ ಕಾಲುವೆ ಇತ್ತಲ್ಲಮ್ಮ, ಎಲ್ಲಿಟ್ಟಿರಿ?’ ಅಂದರು. ಆ ಹುಡುಗಿ ಕಳೆದುಹೋದ ವಸ್ತು ಹುಡುಕುವವಳಂತೆ ಸುತ್ತ ನೋಡಿದಳು. ಮ್ಯಾನೇಜರನ್ನು ಕರೆದಳು. ಮ್ಯಾನೇಜರ್ ಬಂದು, ‘ಅಂಕಲ್, ನಮ್ಮಲ್ಲಿ ಮಳೆನೀರು ಕೊಯ್ಲು ಇದೆ’ ಅಂದರು. ಅಪ್ಪ, ‘ಅದು ಕಾಣ್ತಾ ಇದೆಯಪ್ಪಾ. ಮೇಲಿನ ಕೆರೆ ಕೋಡಿ ಬಿದ್ದರೆ ನಿಮ್ಮ ಇಡೀ ಬೇಸ್‌ಮೆಂಟೇ ಕೊಯ್ಲು ಮಾಡ್ಕೊಳ್ಳುತ್ತೆ’ ಅಂದರು.

ಅಪ್ಪ ಸುಮ್ನೆ ಹೆದರಿಸುತ್ತಾರೆ ಅಂತ ನಮ್ಮನೆಯವರು ಮುಖ ಸಿಂಡರಿಸಿದರು. ಗೇಟಿನ ಹೊರಗೆ ಎಳನೀರು ಕುಡಿಯುತ್ತಿದ್ದಾಗ ಅಲ್ಲೇ ಬಾಡಿಗೆಗಿದ್ದ ಹುಡುಗನೊಬ್ಬ ಮಾತಿಗೆ ಸಿಕ್ಕ. ಧಾರವಾಡದವನು. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ಲ? ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲ ಮುಳುಗಿ, ಐಟಿಯವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ಫೋಟೋಗಳು ಪೇಪರಿನಲ್ಲೆಲ್ಲ ಬಂದಿದ್ದವು. ಆ ಟ್ರ್ಯಾಕ್ಟರ್‌ಗಳಲ್ಲಿ ಒಂದರಲ್ಲಿ ಇವನೂ ಇದ್ದನಂತೆ. ‘ನಮ್ಮೂರಾಗ ಟ್ರ್ಯಾಕ್ಟರ್ ಹೊಡ್ಯಾಕ ಬ್ಯಾಡ ಅಂತ ಇಂಜಿನಿಯರಿಂಗ್ ಓದ್ಸಿದ್ರು ರೀ ನಮ್ಮಪ್ಪ. ಇಲ್ಲಿ ಬಂದು ಅದರ ಮ್ಯಾಲೇ ಹತ್ತಿದೆ’ ಅಂದ. ಅಪ್ಪ ಅವನ ಎಳನೀರಿನ ದುಡ್ಡನ್ನೂ ತಾವೇ ಕೊಟ್ಟರು.

ನನ್ನ ಆಫೀಸಿನಲ್ಲಿ ಆ ಕಡೆ ಫ್ಲಾಟ್ ತಗೊಂಡ ಸಹೋದ್ಯೋಗಿಯೊಬ್ಬರಿದ್ದರು. ಅವರಿಗೆ ಫೋನ್ ಮಾಡಿ, ‘ಹೇಗಿದೆ ಸರ್ ನಿಮ್ಮ ಕಡೆ? ನೀರಿಗೇನು ತೊಂದರೆ ಇಲ್ವಾ?’ ಅಂತ ಕೇಳಿದೆ.

‘ಗಾಳಿ ಬೆಳಕು ತುಂಬಾ ಚೆನ್ನಾಗಿದೆ’ ಅಂದರು.

‘ನೀರು ಸರ್?’

‘ಹನ್ನೊಂದನೇ ಮಹಡಿ ಅಲ್ವಾ, ಸೊಳ್ಳೆ ಕೂಡ ಬರಲ್ಲ.’

ನೀರಿನ ವಿಷಯ ಅಪ್ಪ ಬೇರೆ ದಾರಿಯಲ್ಲಿ ಹಿಡಿದರು. ಚುಕ್ಕಿಗೆ ಸರಿಯಾಗಿ ಹತ್ತಿರವಿದ್ದ ಒಂದು ಅಪಾರ್ಟ್‌ಮೆಂಟ್ ನಮಗೆ ಎಲ್ಲ ರೀತಿಯಲ್ಲೂ ಇಷ್ಟವಾಗಿತ್ತು. ಪೂರ್ವಕ್ಕೆ ಬಾಗಿಲು, ಕಾಗದಪತ್ರ ಸರಿ, ಕಾಲುವೆ ದೂರ, ಎದುರಿಗೇ ಗಣಪತಿ ಗುಡಿ. ಎಕ್ಸೆಲ್ ಶೀಟಿನಲ್ಲಿ ಎಲ್ಲ ಕಾಲಂ ಹಸಿರು. ಬ್ರೋಕರ್ ಬೇರೆ, ‘ಕಾವೇರಿ ಬಂದಾಯ್ತು ಸರ್, ಐದನೇ ಹಂತ’ ಅಂದರು. ಸುಳ್ಳಲ್ಲ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿತ್ತು. ಹಿಂದೆ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಅಂತಲೇ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ‘ಯೋಜನೆ ಬಂದಿದೆ ಸರಿ. ಈ ನಲ್ಲಿಗೆ ಬಂದಿದೆಯಾ?’ ಅಂತ ಅಪ್ಪ ಕೇಳಿದರು. ಬ್ರೋಕರ್‌ಗೆ ಅಷ್ಟರಲ್ಲಿ ಫೋನ್ ಬಂತು.

ಅಪ್ಪ ಸಂಜೆ ಆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಹೋಗಿ ಕೂತರು. ವಾಚ್‌ಮನ್ ಅಸ್ಸಾಮಿನ ಹುಡುಗ. ಅಪ್ಪನಿಗೆ ಹಿಂದಿ ಬರಲ್ಲ, ಅವನಿಗೆ ಕನ್ನಡ ಬರಲ್ಲ. ಆದರೂ ಅವನ ತಂಗಿ ಮದುವೆ ಯಾವಾಗ ಅನ್ನುವವರೆಗೆ ಅಪ್ಪ ತಿಳಿದುಕೊಂಡಿದ್ದರು. ಅಷ್ಟರಲ್ಲಿ ಟ್ಯಾಂಕರ್ ಒಂದು ಬಂತು. ಒಳಗೆ ಹೋಗಿ ಖಾಲಿ ಮಾಡಿ ಬಂತು. ಅದರ ಹಿಂದೆ ಇನ್ನೊಂದು. ಡ್ರೈವರ್ ಟೀಗೆ ಅಂತ ಇಳಿದಾಗ ಅಪ್ಪ ಅವನಿಗೊಂದು ಬನ್ನೂ ಕೊಡಿಸಿ ಪಕ್ಕದಲ್ಲಿ ಕೂರಿಸಿಕೊಂಡರು.

‘ದಿನಾ ಬರ್ತೀಯೇನಪ್ಪಾ?’

‘ದಿನಾನಾ? ದಿನಕ್ಕೆ ಎಷ್ಟು ಸಲ ಅಂತ ಕೇಳಿ ಯಜಮಾನ್ರೇ.’

‘ಬೋರ್‌ವೆಲ್ ಇಲ್ವಾ ಒಳಗೆ?’

‘ಅವೆ ಅವೆ. ನೋಡಕ್ಕೆ ಅವೆ. ಒಂದರಲ್ಲಿ ಗಾಳಿ ಬತ್ತದೆ.’

ಅವನು ತಾನಾಗಿಯೇ ಎಲ್ಲ ಹೇಳಿದ. 2024ರ ಬೇಸಿಗೆಯಲ್ಲಿ ಊರೆಲ್ಲ ಬೋರ್‌ವೆಲ್ ಬತ್ತಿದಾಗ ಇವನ ಫೋನಿಗೆ ದೊಡ್ಡ ದೊಡ್ಡ ಕಂಪನಿಯ ವೈಸ್ ಪ್ರೆಸಿಡೆಂಟ್‌ಗಳೆಲ್ಲ ‘ಅಣ್ಣಾ’ ಅಂತ ಮೆಸೇಜ್ ಹಾಕುತ್ತಿದ್ದರಂತೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಆದೇಶವಾಗಿದ್ದ ಕಾಲ ಅದು. ಕೊನೆಗೆ ಸರ್ಕಾರ ಟ್ಯಾಂಕರ್‌ಗೂ ದರ ಕಟ್ಟಿತು. ‘ಆ ಮೂರು ತಿಂಗಳು ನಂದೇ ದರ್ಬಾರು’ ಅಂದನಂತೆ. ಅಪ್ಪ ಅವನನ್ನೇ ಕೇಳಿದರಂತೆ, ‘ಹಾಗಾದ್ರೆ ನೀನು ಮನೆ ಎಲ್ಲಿ ಮಾಡಿದ್ದೀಯ?’ ‘ನಾನಾ? ನಮ್ಮೂರಲ್ಲೇ ಯಜಮಾನ್ರೇ, ಆನೇಕಲ್ ಕಡೆ. ಬಾವಿ ಐತೆ.’ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಇದನ್ನೆಲ್ಲ ಒಂದೊಂದಾಗಿ ಹೇಳಿದರು. ನಮ್ಮನೆಯವರು ಎದ್ದು ಹೋಗಿ ಎಕ್ಸೆಲ್‌ನಲ್ಲಿ ಹೊಸ ಕಾಲಂ ಸೇರಿಸಿ ಅದಕ್ಕೆ ಕೆಂಪು ಬಣ್ಣ ಹಚ್ಚಿದರು.

ಕೆರೆ ನೋಟದ ಫ್ಲಾಟುಗಳ ಬಗ್ಗೆ ಜಾಸ್ತಿ ಹೇಳಲ್ಲ. ಬೆಳ್ಳಂದೂರು ಕೆರೆ ನೊರೆ ಉಗುಳಿದ್ದು, ನೀರಿರುವ ಕೆರೆಗೇ ಬೆಂಕಿ ಬಿದ್ದದ್ದು, 2018ರ ಜನವರಿಯಲ್ಲಿ ಸೇನೆಯ ಜವಾನರೂ ಬಂದು ಆರಿಸಿದ್ದು, ಎಲ್ಲ ಓದಿದ್ದೇವೆ. ಈಗ ಕೆಲಸ ನಡೆದು ಕೆರೆ ಎಷ್ಟೋ ಸುಧಾರಿಸಿದೆ. ಆದರೂ ಕೆರೆ ಕಾಣುವ ಬಾಲ್ಕನಿಗೆ ಲಕ್ಷಗಟ್ಟಲೆ ಜಾಸ್ತಿ ದುಡ್ಡು ಕೇಳುತ್ತಾರೆ. ನಾವು ನೋಡಲು ಹೋದ ಫ್ಲಾಟಿನಲ್ಲಿ ಆ ಬಾಲ್ಕನಿಗೆ ಮನೆಯವರು ದಪ್ಪ ಗಾಜು ಹಾಕಿಸಿ, ಅದಕ್ಕೆ ಪರದೆ ಬಿಟ್ಟು, ಪರದೆಯ ಮುಂದೆ ಊದಿನಕಡ್ಡಿ ಹಚ್ಚಿಟ್ಟಿದ್ದರು.

‘ಅಷ್ಟೆಲ್ಲ ಯಾಕೆ, ನನ್ನ ಆಫೀಸಿನ ಪಕ್ಕದಲ್ಲೇ ತಗೊಳ್ಳೋಣ’ ಅಂತ ನಾನು ಒಂದು ಸಲ ಅಂದೆ. ವೈಟ್‌ಫೀಲ್ಡ್ ಹುಟ್ಟಿದ್ದೇ ಜನ ನೆಮ್ಮದಿಯಾಗಿ ಇರಲಿ ಅಂತ. 1882ರಲ್ಲಿ ಚಾಮರಾಜೇಂದ್ರ ಒಡೆಯರ್ ಕೊಟ್ಟ ಜಾಗದಲ್ಲಿ ಆಂಗ್ಲೋ ಇಂಡಿಯನ್ನರಿಗೆ ಅಂತ ಕಟ್ಟಿದ ಊರು. ತೋಟ ಮಾಡಿಕೊಂಡು, ಕೋಳಿ ಸಾಕಿಕೊಂಡು ಇರಲಿ ಅಂತ. ತೊಂಬತ್ತರ ದಶಕದ ಕೊನೆಯಲ್ಲಿ ಟೆಕ್ ಪಾರ್ಕ್ ಬಂದ ಮೇಲೆ ಕೋಳಿಗಳ ಜಾಗದಲ್ಲಿ ನಾವು ಬಂದೆವು. ಈಗ ಅಲ್ಲಿ ನನ್ನ ಆಫೀಸಿನಿಂದ ‘ನಡೆದು ಹೋಗುವಷ್ಟು ಹತ್ತಿರ’ ಅಂತ ಹೇಳುವ ಫ್ಲಾಟುಗಳ ಬೆಲೆ ಕೇಳಿದರೆ ನಡೆಯೋದಿರಲಿ, ನಿಲ್ಲೋದೂ ಕಷ್ಟ. ನಡೆಯೋಣ ಅಂದರೂ ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದನ್ನು ಸುತ್ತಿ ಬಂದರೆ ಗುಂಡಿ, ಗುಂಡಿ ದಾಟಿದರೆ ಫುಟ್‌ಪಾತ್ ಮೇಲೇ ಬೈಕ್ ಬಿಡುವ ಊಟದ ಡೆಲಿವರಿ ಹುಡುಗರು.

ನಮ್ಮನೆಯವರು ಅವರ ಕಡೆ ವಾದ ಶುರುಮಾಡಿದರು. ಎಲೆಕ್ಟ್ರಾನಿಕ್ ಸಿಟಿ ಸುಮ್ನೆ ಬೆಳೆದ ಜಾಗ ಅಲ್ಲ, 1978ರಲ್ಲೇ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯವರು 332 ಎಕರೆಯಲ್ಲಿ ಯೋಚನೆ ಮಾಡಿ ಕಟ್ಟಿದ್ದು, ಮೇಲುರಸ್ತೆ ಇದೆ, ಮರಗಳಿವೆ, ಬೆಲೆಯೂ ಕಡಿಮೆ ಅಂತೆಲ್ಲ. ಮೇಲುರಸ್ತೆ ವಿಷಯ ನನಗೆ ಗೊತ್ತು. ಹತ್ತು ಕಿಲೋಮೀಟರ್ ರೊಯ್ಯನೆ ಹಾರಿಸಿಕೊಂಡು ಬಂದು ಸಿಲ್ಕ್ ಬೋರ್ಡಿನಲ್ಲಿ ಇಳಿಸುತ್ತದೆ. ಉಳಿಸಿದ ಸಮಯವನ್ನೆಲ್ಲ ಅಲ್ಲಿ ನಿಂತು ವಾಪಸ್ ಕೊಡಬೇಕು. ಅದಕ್ಕೂ ಟೋಲು.

‘ಹಳದಿ ಮೆಟ್ರೋ ಬರುತ್ತೆ’ ಅಂದರು. ಬರುತ್ತೆ ಬರುತ್ತೆ ಅಂತ ಎಷ್ಟೋ ವರ್ಷ ಆಗಿತ್ತು. ಈ ಸಲ ನಿಜವಾಗಿ ಬರುವ ಲಕ್ಷಣ ಕಾಣಿಸಿತು. 2025ರ ಬೇಸಿಗೆ ಕಳೆಯುವ ಹೊತ್ತಿಗೆ ಸಿಂಗಸಂದ್ರದ ಹತ್ತಿರ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ ಚೆಂದದ ಫ್ಲಾಟ್ ಸಿಕ್ಕಿತು. ಸ್ಟೇಷನ್ನಿಗೆ ಐದು ನಿಮಿಷ. ಅವರಿಗೆ ಆಫೀಸು ಕೆಲವೇ ಸ್ಟೇಷನ್. ನನಗೆ? ‘ನೋಡು, ಹಳದಿಯಲ್ಲಿ ಆರ್.ವಿ. ರಸ್ತೆ, ಅಲ್ಲಿಂದ ಹಸಿರಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆಯಲ್ಲಿ ವೈಟ್‌ಫೀಲ್ಡ್. ಟ್ರಾಫಿಕ್ಕಿನ ಮುಖಾನೇ ನೋಡಲ್ಲ ನೀನು’ ಅಂದರು. ಟ್ರಾಫಿಕ್ಕಿನ ಮುಖ ನೋಡಲ್ಲ, ನಿಜ. ಮಗುವಿನ ಮುಖಾನೂ ನೋಡಲ್ಲ. ಆಗ್ನೇಯದಿಂದ ಪೂರ್ವಕ್ಕೆ ಹೋಗೋಕೆ ಇಡೀ ಬೆಂಗಳೂರಿಗೆ ಪ್ರದಕ್ಷಿಣೆ. ಆದರೂ ನೀರಿತ್ತು, ಕಾಗದ ಸರಿಯಿತ್ತು, ಅಪ್ಪ ‘ಪರವಾಗಿಲ್ಲ’ ಅಂದಿದ್ದರು. ಅಪ್ಪನ ಬಾಯಲ್ಲಿ ‘ಪರವಾಗಿಲ್ಲ’ ಅಂದರೆ ರಾಜ್ಯೋತ್ಸವ ಪ್ರಶಸ್ತಿ. ನಾನು ಒಪ್ಪಿಕೊಂಡೆ.

ಅಷ್ಟರಲ್ಲಿ ಆಷಾಢ ಬಂತು. ‘ಆಷಾಢದಲ್ಲಿ ಟೋಕನ್ ಕೊಡ್ತಾರೇನೋ ಯಾರಾದ್ರೂ? ಶ್ರಾವಣ ಬರಲಿ’ ಅಂದರು ಅತ್ತೆ. ಶ್ರಾವಣ ಬಂತು. ಆಗಸ್ಟ್ 10ಕ್ಕೆ ಹಳದಿ ಮಾರ್ಗ ಉದ್ಘಾಟನೆಯೂ ಆಯಿತು. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೆ ಒಂದು. ಅದಕ್ಕೂ ಜನ ಸಂಭ್ರಮದಿಂದ ಹತ್ತಿದರು. ನಮ್ಮ ಫ್ಲಾಟಿನ ಓನರ್ ಕೂಡ ಹತ್ತಿ ಇಳಿದು ಬಂದು ಬೆಲೆಯನ್ನು ಐದು ಲಕ್ಷ ಏರಿಸಿದರು. ‘ಮೆಟ್ರೋ ಬಂತಲ್ಲ ಮೇಡಂ’ ಅಂದರು. ಮೆಟ್ರೋ ಬಂದದ್ದಕ್ಕೆ ನಮ್ಮಿಂದ ಯಾಕೆ ವಸೂಲಿ ಅಂತ ನಮ್ಮನೆಯವರು ಚೌಕಾಸಿ ಮಾಡುತ್ತಾ ಕೂತಿದ್ದರು. ಅದೇ ವಾರ ಅವರ ಆಫೀಸಿನಿಂದ ಮೇಲ್ ಬಂತು. ಅವರ ಟೀಮು ಪೂರ್ತಿ ನಾಗವಾರದ ಕ್ಯಾಂಪಸ್ಸಿಗೆ.

ನಾಗವಾರ! ಊರಿನ ಉತ್ತರಕ್ಕೆ. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆ ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದು, ‘ನಾನು ಆಷಾಢ ಬೇಡ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ?’ ಅಂದರು. ಆ ದಿನದಿಂದ ನಮ್ಮ ಮನೆಯ ರಿಯಲ್ ಎಸ್ಟೇಟ್ ವ್ಯವಹಾರದಲ್ಲಿ ಅವರದೇ ಕೊನೆಯ ಮಾತು.

ನಮ್ಮನೆಯವರು ಮತ್ತೆ ಮ್ಯಾಪ್ ತೆಗೆದರು. ನಾಗವಾರಕ್ಕೂ ವೈಟ್‌ಫೀಲ್ಡಿಗೂ ಗೆರೆ ಎಳೆದರು. ಚುಕ್ಕಿ ಹೋಗಿ ಬಿದ್ದದ್ದು ರಾಮಮೂರ್ತಿನಗರದಲ್ಲಿ. ಅಷ್ಟು ದಿನದಲ್ಲಿ ಯಾವ ಬ್ರೋಕರ್ ಬಾಯಲ್ಲೂ ಬರದ ಹೆಸರು. ಅಲ್ಲಿ ಯೋಗ ಡೆಕ್ ಇಲ್ಲ, ರಿಫ್ಲೆಕ್ಸಾಲಜಿ ಪಾತ್ ಇಲ್ಲ. ಇಕ್ಕಟ್ಟು ರಸ್ತೆ, ಕಬ್ಬಿಣದಂಗಡಿ, ಹೂವಿನವರು, ರಾಗಿ ಬೀಸುವ ಮಿಲ್ಲು, ಸಂಜೆಯಾದರೆ ತಳ್ಳುಗಾಡಿ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಜಾಮು ಬಗಲಲ್ಲೇ ಇದೆ, ಇಲ್ಲ ಅನ್ನಲ್ಲ. ಆದರೆ ಕೆ.ಆರ್. ಪುರ ಮೆಟ್ರೋ ಹತ್ತಿರ. ನನಗೆ ಅಲ್ಲಿಂದ ವೈಟ್‌ಫೀಲ್ಡ್ ಕಡೆ ರೈಲು, ಅವರಿಗೆ ರಿಂಗ್ ರೋಡಿನಲ್ಲಿ ನಾಗವಾರ. ಅಪ್ಪ ದಿಶಾಂಕ್ ಹಿಡಿದು ಸುತ್ತಿ ಬಂದರು. ಟೀ ಅಂಗಡಿಯಲ್ಲಿ ಕೂತರು. ಸಂಜೆಯವರೆಗೂ ಆ ಬೀದಿಗೆ ಟ್ಯಾಂಕರ್ ಬರಲಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ ಅಂತ ಪಕ್ಕದ ಮನೆಯ ಅಜ್ಜಿ ತಾವಾಗಿಯೇ ಬೈದುಕೊಂಡು ಹೇಳಿದರು. ಬೈಯುವವರು ಇದ್ದಾರೆ ಅಂದರೆ ನೀರು ಬರುತ್ತಿದೆ ಅಂತ ಅಪ್ಪನಿಗೆ ಖಾತ್ರಿಯಾಯಿತು.

ಫ್ಲಾಟಿನ ಬೆಲೆ 80 ಲಕ್ಷಕ್ಕೆ ಬಂದು ನಿಂತಿತು. ನೋಂದಣಿ ಮಾಡಿಸೋಣ ಅಂದರೆ ಪಾಲಿಕೆಯ ಆಸ್ತಿ ದಾಖಲೆಯಾದ ಇ-ಖಾತಾದಲ್ಲಿ ಓನರ್ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದು ಸರಿಹೋಗದೆ ಏನೂ ಆಗಲ್ಲ. ಗಣೇಶನ ಹಬ್ಬದ ರಜೆ ಬಂತು. ಅಷ್ಟರಲ್ಲಿ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2 ಆಯಿತು. ಒಂದು ಅಕ್ಷರಕ್ಕೆ 80 ಸಾವಿರ. ಶಾಲೆಯಲ್ಲಿ ಕಾಗುಣಿತ ತಪ್ಪಾದರೆ ಮೇಷ್ಟ್ರು ಬರೀ ಕಿವಿ ಹಿಂಡುತ್ತಿದ್ದರು. ಅಕ್ಷರ ಸರಿಯಾಯಿತು ಅನ್ನುವಾಗ ಪಿತೃಪಕ್ಷ. ಅತ್ತೆಯ ಕಡೆ ತಿರುಗಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ನವರಾತ್ರಿ ಬರುವವರೆಗೆ ಕಾದೆವು.

ಪಾಡ್ಯದ ದಿನ ಅಗ್ರಿಮೆಂಟಿಗೆ ಅಂತ ಓನರ್ ಮನೆಯಲ್ಲೇ ಸೇರಿದೆವು. ನಮ್ಮ ವಯಸ್ಸಿನವರೇ, ಮಂಡ್ಯದ ಕಡೆಯವರು. ಕಾಫಿ ಬಂತು. ಅಪ್ಪ ಅವರನ್ನು, ‘ಇಷ್ಟು ಒಳ್ಳೇ ಜಾಗ, ಯಾಕೆ ಮಾರ್ತಾ ಇದ್ದೀರಿ?’ ಅಂತ ಕೇಳಿದರು.

‘ನಂದು ಆಫೀಸು ಎಲೆಕ್ಟ್ರಾನಿಕ್ ಸಿಟಿಗೆ ಹೋಯ್ತು ಸರ್. ನನ್ನ ಹೆಂಡತಿದು ವೈಟ್‌ಫೀಲ್ಡು. ಇಬ್ಬರಿಗೂ ನಡುವೆ ಅಂತ ಕಾರ್ಮೆಲರಾಂ ಹತ್ತಿರ ನೋಡಿದ್ದೀವಿ. ಪೂರ್ವಕ್ಕೆ ಬಾಗಿಲು, ಎದುರಿಗೇ ಗಣಪತಿ ಗುಡಿ ಇದೆ. ಇಲ್ಲಿ ದುಡ್ಡು ಬಂದ ತಕ್ಷಣ ಅಲ್ಲಿ ಟೋಕನ್.’

ಅಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ನಮ್ಮನೆಯವರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದವರು ಮತ್ತೆ ಹಾಕಿದರು.

‘ನೀವು ಆ ಕಡೆಯೆಲ್ಲ ತುಂಬಾ ನೋಡಿದ್ದೀರಂತೆ, ಬ್ರೋಕರ್ ಹೇಳಿದ್ರು’ ಅಂತ ಅವರು ನನ್ನ ಕಡೆ ತಿರುಗಿದರು. ‘ಹೇಗಿದೆ ಮೇಡಂ ಅಲ್ಲಿ? ನೀರು ಗೀರು ಪರವಾಗಿಲ್ವಾ?’

ಅಪ್ಪ ಬಾಯಿ ತೆರೆದರು. ಅತ್ತೆ ಕೋಡುಬಳೆ ತಟ್ಟೆಯನ್ನು ಅವರ ಮುಂದೆ ಹಿಡಿದು, ‘ತಗೊಳ್ಳಿ ಬೀಗರೇ, ಬಿಸಿ ಇದೆ’ ಅಂದರು.

‘ಗಾಳಿ ಬೆಳಕು ತುಂಬಾ ಚೆನ್ನಾಗಿದೆ ಸರ್’ ಅಂದೆ.